ಸರಕಾರಿ ಶಾಲೆಯೋ, ಖಾಸಗಿ ಶಾಲೆಯೋ?

ಪ್ರಶ್ನೆ: ಬರುವ ಜೂನ್ ಒಂದಕ್ಕೆ ನಮ್ಮ ಮಗಳಿಗೆ ಆರು ವರ್ಷ ತುಂಬುತ್ತದೆ. ಊರಿನ ಸರಕಾರಿ ಕನ್ನಡ ಶಾಲೆ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿದೆ. ಆದರೆ ನಮ್ಮ ಓಣಿಯ ಬಹಳ ಮಕ್ಕಳು ವ್ಯಾನ್ ಹತ್ತಿ ಹೊರಗಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುತ್ತಾರೆ. ನಮ್ಮದು ಮೂರು ಎಕರೆ ಕಬ್ಬು. ಸರಕಾರಿ ಶಾಲೆಗೆ ಹಾಕಿದರೆ ಮಗಳು ಹಿಂದೆ ಬೀಳುತ್ತಾಳೆಯೇ? ಖಾಸಗಿಗೆ ಹಾಕಿದರೆ ಕೊಟ್ಟ ಹಣಕ್ಕೆ ತಕ್ಕ ಕಲಿಕೆ ಸಿಗುತ್ತದೆಯೇ? ಆರ್‌ಟಿಇ ಸೀಟಿನಲ್ಲಿ ಪುಕ್ಕಟೆ ಸೇರಿಸಬಹುದು ಎಂದೂ ಹೇಳುತ್ತಾರೆ, ನಿಜವೇ?
– ಒಬ್ಬ ತಂದೆ, ಘೋಡಗೇರಿ

ಉತ್ತರ: ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದೀರಿ, ಅದೂ ಸಮಯಕ್ಕೆ ಮೊದಲೇ. ಎಷ್ಟೋ ಪಾಲಕರು ಮೇ ತಿಂಗಳ ಕೊನೆಯ ವಾರದಲ್ಲಿ, ನೆರೆಮನೆಯವರು ಎಲ್ಲಿಗೆ ಹಾಕಿದರೆಂದು ನೋಡಿ ತೀರ್ಮಾನ ಮಾಡುತ್ತಾರೆ. ನೀವು ಮಗಳ ಬಗ್ಗೆ ಇಷ್ಟು ಮುಂಚಿತವಾಗಿ ಯೋಚಿಸುತ್ತಿರುವುದು ನನಗೆ ಇನ್ನೊಂದು ಕಾರಣಕ್ಕೂ ಸಂತೋಷ ತಂದಿತು. ಒಂದೇ ಮನೆಯಲ್ಲಿ ಮಗನನ್ನು ಹಣ ಕೊಟ್ಟು ಓದಿಸಿ, ಮಗಳನ್ನು ಸಿಕ್ಕಲ್ಲಿಗೆ ಕಳಿಸುವ ರೂಢಿ ಇನ್ನೂ ಹೋಗಿಲ್ಲ.

ನಿಮ್ಮ ಸಂಶಯದಲ್ಲಿ ಮೂರು ಮಾತುಗಳಿವೆ: ಎಲ್ಲಿ ಹೆಚ್ಚು ಕಲಿಕೆ, ಎಷ್ಟು ಖರ್ಚು, ಪುಕ್ಕಟೆ ಸೀಟು ಇದೆಯೇ. ಅವನ್ನು ಬಿಡಿಸುವ ಮೊದಲು ಒಂದು ಗೊಂದಲವನ್ನು ಬದಿಗೆ ಸರಿಸೋಣ. ಇದು ನಿಮ್ಮೊಬ್ಬರದಲ್ಲ, ಬಹುತೇಕ ಎಲ್ಲರದೂ.

ಸರಕಾರಿ ಎಂದರೆ ಕನ್ನಡ, ಖಾಸಗಿ ಎಂದರೆ ಇಂಗ್ಲಿಷ್ ಎಂದು ನಾವು ಹಿಡಿದುಕೊಂಡು ಕೂತಿದ್ದೇವೆ. ನಿಜವಾಗಿ ಇವು ಎರಡು ಬೇರೆ ಪ್ರಶ್ನೆಗಳು. ಶಾಲೆಯನ್ನು ನಡೆಸುವವರು ಯಾರು ಎಂಬುದು ಒಂದು, ಪಾಠ ಯಾವ ಭಾಷೆಯಲ್ಲಿ ಎಂಬುದು ಇನ್ನೊಂದು. ನಡೆಸುವವರ ಲೆಕ್ಕದಲ್ಲಿ ಶಾಲೆಗಳು ಮೂರು ಬಗೆ. ಸರಕಾರಿ ಶಾಲೆ ಒಂದು. ಖಾಸಗಿ ಸಂಸ್ಥೆ ನಡೆಸಿದರೂ ಶಿಕ್ಷಕರ ಸಂಬಳವನ್ನು ಸರಕಾರ ಕೊಡುವ ಅನುದಾನಿತ ಶಾಲೆ ಎರಡನೆಯದು. ಪಾಲಕರ ಫೀಯಿಂದಲೇ ನಡೆಯುವ ಅನುದಾನರಹಿತ ಶಾಲೆ ಮೂರನೆಯದು. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಖಾಸಗಿ ಶಾಲೆ ಎನ್ನುವುದು ಹುಟ್ಟಿದ್ದೇ ಫೀ ವಸೂಲಿಗಾಗಿ ಅಲ್ಲ. 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆ ಆರಂಭವಾದಾಗ ಅದರ ಹಿಂದಿದ್ದವರು ‘ಸಪ್ತರ್ಷಿ’ಗಳೆಂದು ಜನ ಕರೆದ ಏಳು ಮಂದಿ. ಕನ್ನಡದ ಮಕ್ಕಳಿಗೆ ಮುಂದಿನ ಓದು ಸಿಗಲಿ ಎಂಬುದು ಅವರ ಹಂಬಲವಾಗಿತ್ತು. ಇತ್ತ ಸರಕಾರವೇ 2019–20ರಲ್ಲಿ ಸಾವಿರ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಕರ್ನಾಟಕ ಪಬ್ಲಿಕ್ ಶಾಲೆ ಎಂಬ ಹೆಸರಿನಲ್ಲಿ ಪೂರ್ವ ಪ್ರಾಥಮಿಕದಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದುವ ವ್ಯವಸ್ಥೆಯೂ ಬಂದಿದೆ. ಹಾಗಾಗಿ ಮೊದಲು ಮಾಧ್ಯಮದ ಬಗ್ಗೆ ತೀರ್ಮಾನಿಸಿ, ಆಮೇಲೆ ಶಾಲೆಯ ಬಗ್ಗೆ. ಎರಡನ್ನೂ ಒಂದೇ ಗಂಟು ಕಟ್ಟಿದರೆ ದಾರಿ ಕಾಣುವುದಿಲ್ಲ.

ಮಾಧ್ಯಮದ ವಿಷಯಕ್ಕೆ ಬರೋಣ. 1994ರಲ್ಲಿ ರಾಜ್ಯ ಸರಕಾರ ಒಂದರಿಂದ ನಾಲ್ಕನೆಯ ತರಗತಿವರೆಗೆ ಮಾತೃಭಾಷೆಯೇ ಮಾಧ್ಯಮವಾಗಬೇಕೆಂದು ಆದೇಶಿಸಿತ್ತು. ಅದು ದೀರ್ಘಕಾಲ ನ್ಯಾಯಾಲಯದಲ್ಲಿ ಸುತ್ತಿ, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಸರಕಾರ ಹಾಗೆ ಕಡ್ಡಾಯ ಮಾಡುವಂತಿಲ್ಲ, ಆಯ್ಕೆ ಪಾಲಕರದು ಎಂದಿತು. ಆದ್ದರಿಂದ ಕಾನೂನು ನಿಮ್ಮ ಕೈಕಟ್ಟುವುದಿಲ್ಲ. ಆದರೆ ಹಕ್ಕು ನಿಮ್ಮದು ಎಂದ ಮೇಲೆ ಹೊಣೆಯೂ ನಿಮ್ಮದೇ. ಮನೆಯಲ್ಲಿ, ಓಣಿಯಲ್ಲಿ, ಹೊಲದಲ್ಲಿ ಕನ್ನಡವನ್ನೇ ಆಡುವ ಮಗು ಓದುವ ಕಲೆಯನ್ನು ತನಗೆ ಗೊತ್ತಿರುವ ಮಾತಿನಲ್ಲೇ ಮೊದಲು ಕಲಿತರೆ ಸಲೀಸು. ಅಕ್ಷರ ಕೂಡಿಸಿ ‘ಕಬ್ಬು’ ಎಂದು ಓದಿದ ಕೂಡಲೇ ಅದಕ್ಕೆ ಕಬ್ಬು ಕಣ್ಣಿಗೆ ಬರುತ್ತದೆ. ಗೊತ್ತಿಲ್ಲದ ಭಾಷೆಯಲ್ಲಾದರೆ ಓದಿದ್ದು ಸರಿಯೇ ತಪ್ಪೇ ಎಂದು ತಾನೇ ತಿದ್ದಿಕೊಳ್ಳಲು ಅದಕ್ಕೆ ಆಧಾರವಿಲ್ಲ, ಬಾಯಿಪಾಠವೊಂದೇ ದಾರಿ. ಮನೆಯಲ್ಲಿ ಇಂಗ್ಲಿಷ್ ಹೇಳಿಕೊಡುವವರು ಇಲ್ಲದಿದ್ದರೆ ಟ್ಯೂಷನ್ ಬೇಕು. ಅದು ಎರಡನೆಯ ಫೀ.

‘ಹಾಗಾದರೆ ಇಂಗ್ಲಿಷ್ ಬರುವುದು ಯಾವಾಗ?’ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು, ಇಂಗ್ಲಿಷ್ ಬೇಡ ಎನ್ನುವ ಕಾಲವಲ್ಲ ಇದು. 2007–08ರಿಂದ ಕನ್ನಡ ಮಾಧ್ಯಮದ ಸರಕಾರಿ ಶಾಲೆಗಳಲ್ಲೂ ಒಂದನೆಯ ತರಗತಿಯಿಂದ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುತ್ತಾರೆ. ಇಂಗ್ಲಿಷ್ ಕಲಿಯುವುದು ಬೇರೆ, ಗಣಿತ ಮತ್ತು ಪರಿಸರ ಪಾಠವನ್ನೂ ಇಂಗ್ಲಿಷಿನಲ್ಲೇ ಕಲಿಯುವುದು ಬೇರೆ. ಮೊದಲನೆಯದು ನಿಮ್ಮ ಮಗಳಿಗೆ ಬೇಕೇ ಬೇಕು. ಎರಡನೆಯದು ಆರನೆಯ ವಯಸ್ಸಿಗೇ ಬೇಕೆಂದಿಲ್ಲ.

ಸರಕಾರಿ ಶಾಲೆಯ ಒಂದರಿಂದ ಮೂರನೆಯ ತರಗತಿಗಳನ್ನು ನೋಡಿ ಗಾಬರಿಯಾಗುವ ಪಾಲಕರಿದ್ದಾರೆ. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪಾಗಿ ಕೂತು ಕಾರ್ಡು ಹಿಡಿದು ಆಡುತ್ತಿರುತ್ತಾರೆ, ತಲೆಯ ಮೇಲೆ ಅವರೇ ಬರೆದ ಚಿತ್ರಗಳ ಚಪ್ಪರ ತೂಗುತ್ತಿರುತ್ತದೆ. ಹೋಂವರ್ಕಿನ ರಾಶಿ ಇರುವುದಿಲ್ಲ. ‘ಇಲ್ಲಿ ಏನೂ ಕಲಿಸೂದಿಲ್ರೀ’ ಎಂದು ಹೊರಟುಬಿಡುತ್ತಾರೆ. ಅದು ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಮುಂದೆ ನಿಂತು ರೂಪಿಸಿದ ಪದ್ಧತಿ. 2009–10ರಿಂದ ರಾಜ್ಯದ ಎಲ್ಲ ಸರಕಾರಿ ಕನ್ನಡ ಶಾಲೆಗಳಿಗೆ ಬಂತು. ಕಲಿಕೆಯ ಏಣಿಯಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಏರುತ್ತದೆ. ಹಬ್ಬಕ್ಕೋ ಜ್ವರಕ್ಕೋ ಹದಿನೈದು ದಿನ ತಪ್ಪಿಸಿಕೊಂಡರೂ ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಆರಂಭಿಸುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ಮಕ್ಕಳು ಶಾಲೆ ತಪ್ಪಿಸುವ ನಮ್ಮ ಭಾಗಕ್ಕೆ ಇದು ಎಷ್ಟು ಹೊಂದುತ್ತದೆ ಯೋಚಿಸಿ. ಪದ್ಧತಿ ಒಳ್ಳೆಯದೇ. ಆದರೆ ಅದರಲ್ಲಿ ತರಬೇತಿ ಪಡೆದ, ಮನಸ್ಸಿಟ್ಟು ನಡೆಸುವ ಶಿಕ್ಷಕಿ ಇಲ್ಲದಿದ್ದರೆ ಕಾರ್ಡುಗಳು ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಅದನ್ನು ನೀವು ಕಣ್ಣಾರೆ ನೋಡಬೇಕು, ಹೇಗೆಂದು ಮುಂದೆ ಹೇಳುತ್ತೇನೆ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಖಾಸಗಿಯಲ್ಲಿ ಕಲಿಕೆ ಹೆಚ್ಚೇ? ಪರೀಕ್ಷೆಯ ಫಲಿತಾಂಶ ಹೋಲಿಸಿದರೆ ಖಾಸಗಿ ಶಾಲೆಯ ಮಕ್ಕಳು ಸಾಮಾನ್ಯವಾಗಿ ಮುಂದಿರುತ್ತಾರೆ. ಆದರೆ ಆ ಮಕ್ಕಳ ಮನೆಯಲ್ಲಿ ಓದಿದ ತಾಯಿ ಇರುತ್ತಾಳೆ, ಟ್ಯೂಷನ್ ಇರುತ್ತದೆ, ಹಣ ಇರುತ್ತದೆ. ಅಂಕ ಬಂದದ್ದು ಶಾಲೆಯಿಂದಲೋ ಮನೆಯಿಂದಲೋ ಹೇಳುವುದು ಹೇಗೆ? ಇದನ್ನೇ ತಿಳಿಯಲು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ 2008ರಿಂದ ನಾಲ್ಕು ವರ್ಷ ಆಗಿನ ಅವಿಭಜಿತ ಆಂಧ್ರಪ್ರದೇಶದ 180 ಹಳ್ಳಿಗಳಲ್ಲಿ ಒಂದು ಪ್ರಯೋಗವನ್ನು ಅಧ್ಯಯನ ಮಾಡಿದರು. ಸರಕಾರಿ ಶಾಲೆಯ ಮಕ್ಕಳ ಪೈಕಿ ಅರ್ಜಿ ಹಾಕಿದವರ ಹೆಸರನ್ನು ಚೀಟಿ ಎತ್ತಿ, ಗೆದ್ದವರ ಖಾಸಗಿ ಶಾಲೆಯ ಫೀಯನ್ನು ಯೋಜನೆಯೇ ಭರಿಸಿತು. ಸೋತವರು ಮೊದಲಿನ ಶಾಲೆಯಲ್ಲೇ ಉಳಿದರು. ಮನೆ, ಜಾತಿ, ಆಸ್ತಿ ಎಲ್ಲ ಎರಡೂ ಕಡೆ ಒಂದೇ ತೆರನಾದ್ದರಿಂದ ಉಳಿದ ವ್ಯತ್ಯಾಸ ಶಾಲೆಯದು ಮಾತ್ರ. 2015ರಲ್ಲಿ ಪ್ರಕಟವಾದ ಫಲಿತಾಂಶ ಇದು: ನಾಲ್ಕು ವರ್ಷದ ಬಳಿಕ ತೆಲುಗು ಮತ್ತು ಗಣಿತದಲ್ಲಿ ಎರಡೂ ಗುಂಪಿನ ಮಕ್ಕಳು ಸಮಾನವಾಗಿದ್ದರು. ಖಾಸಗಿಗೆ ಹೋದವರು ಹಿಂದಿಯಲ್ಲಿ ಸ್ಪಷ್ಟವಾಗಿ ಮುಂದಿದ್ದರು, ಏಕೆಂದರೆ ಆ ಶಾಲೆಗಳು ಅದಕ್ಕೆ ಹೆಚ್ಚು ಪಿರಿಯಡ್ ಕೊಡುತ್ತಿದ್ದವು. ಖಾಸಗಿ ಶಾಲೆಯ ಪರವಾಗಿಯೂ ಒಂದು ಮಾತು ಅಲ್ಲಿದೆ: ತೆಲುಗು, ಗಣಿತಕ್ಕೆ ಕಡಿಮೆ ಹೊತ್ತು ಕೊಟ್ಟೂ ಅವು ಅಷ್ಟೇ ಫಲ ತಂದವು, ಅದೂ ಪ್ರತಿ ಮಗುವಿಗೆ ಸರಕಾರ ಮಾಡುವ ಖರ್ಚಿನ ಮೂರನೆಯ ಒಂದು ಭಾಗಕ್ಕಿಂತ ಕಡಿಮೆಯಲ್ಲಿ. ಆದ್ದರಿಂದ ಖಾಸಗಿಯವರು ಮೋಸ ಮಾಡುತ್ತಾರೆ ಎನ್ನುವುದೂ ತಪ್ಪು, ಫೀ ಕೊಟ್ಟೊಡನೆ ಗಣಿತ ಬರುತ್ತದೆ ಎನ್ನುವುದೂ ತಪ್ಪು. ಸರಕಾರಿ ಶಾಲೆಗೆ ಹೋದ ಮಾತ್ರಕ್ಕೆ ಮಗಳು ಹಿಂದೆ ಬೀಳುತ್ತಾಳೆ ಎಂಬ ಭಯಕ್ಕೆ ಆಧಾರವಿಲ್ಲ.

ಆರ್‌ಟಿಇ ಸೀಟಿನ ಮಾತು ಬೇಗ ಮುಗಿಯುವಂಥದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅನುದಾನರಹಿತ ಶಾಲೆಗಳು ನೂರಕ್ಕೆ 25 ಸೀಟುಗಳನ್ನು ಬಡ ಮತ್ತು ದುರ್ಬಲ ವರ್ಗದ ಮಕ್ಕಳಿಗೆ ಉಚಿತವಾಗಿ ಕೊಡಬೇಕೆಂದು ಇದೆ. ಕರ್ನಾಟಕದಲ್ಲಿ 2012ರಿಂದ ಹಾಗೆ ಸಾವಿರಾರು ಮಕ್ಕಳು ಸೇರಿದರು. ನಿಮಗೆ ಹೇಳಿದವರು ಆ ವರ್ಷಗಳನ್ನು ನೆನೆಸಿಕೊಂಡು ಹೇಳಿರಬೇಕು. 2019–20ರಿಂದ ನಿಯಮ ಬದಲಾಯಿತು: ನೆರೆಹೊರೆಯಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಿಲ್ಲ. ಹೈಕೋರ್ಟ್ ಕೂಡ 2019ರಲ್ಲಿ ಇದನ್ನು ಎತ್ತಿಹಿಡಿಯಿತು. ಮನೆಯ ಹತ್ತಿರವೇ ಸರಕಾರಿ ಶಾಲೆ ಇರುವ ನೀವು ಆ ಸೀಟನ್ನು ನೆಚ್ಚಿಕೊಂಡು ಕೂರಬೇಡಿ. ವಯಸ್ಸಿನ ಮಟ್ಟಿಗೆ ನಿಮಗೆ ತೊಂದರೆಯಿಲ್ಲ. ಜೂನ್ ಒಂದಕ್ಕೆ ಆರು ತುಂಬಿರಬೇಕೆಂಬುದು ಎರಡೂ ಬಗೆಯ ಶಾಲೆಗೆ ಅನ್ವಯ. 2025–26ರ ಒಂದು ವರ್ಷಕ್ಕೆ ಮಾತ್ರ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದ್ದರು.

ಖರ್ಚಿನ ಲೆಕ್ಕವನ್ನು ಒಂದು ವರ್ಷದ್ದಲ್ಲ, ಹತ್ತು ವರ್ಷದ್ದು ಮಾಡಿ. ಪ್ರವೇಶದ ಹಣ, ವರ್ಷದ ಫೀ, ವ್ಯಾನು, ಪುಸ್ತಕ, ಎರಡು ಬಗೆಯ ಸಮವಸ್ತ್ರ, ಟ್ಯೂಷನ್ – ಎಲ್ಲವನ್ನೂ ಶಾಲೆಯವರಿಂದ ಬರೆಸಿಕೊಳ್ಳಿ. ಡೊನೇಶನ್ ತೆಗೆದುಕೊಳ್ಳುವುದನ್ನೂ, ಸೇರಿಸಿಕೊಳ್ಳಲು ಮಗುವಿಗೋ ಪಾಲಕರಿಗೋ ಸಂದರ್ಶನ ನಡೆಸುವುದನ್ನೂ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ ಎಂಬುದು ನೆನಪಿರಲಿ. ಫೀ ಕಟ್ಟಬೇಕಾದದ್ದು ಜೂನ್‌ನಲ್ಲಿ, ಕಾರ್ಖಾನೆ ಕಬ್ಬು ನುರಿಸಲು ಆರಂಭಿಸುವುದು ದೀಪಾವಳಿಯ ಹೊತ್ತಿಗೆ. ಕಬ್ಬು ಸಾಗಿಸಿದ 14 ದಿನದಲ್ಲಿ ಬಿಲ್ ಕೊಡಬೇಕೆಂದು ಕಾನೂನಿದ್ದರೂ ಕೈಗೆ ಬರುವುದು ಯಾವಾಗ ಎಂದು ನಿಮಗೆ ನಾನು ಹೇಳಬೇಕಿಲ್ಲ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ದರಕ್ಕಾಗಿ ರೈತರು ದಿನಗಟ್ಟಲೆ ರಸ್ತೆಯಲ್ಲಿ ಕೂತರು. ಅಂಥ ವರ್ಷವೂ ಫೀ ಕಟ್ಟುವ ದಿನ ಬದಲಾಗುವುದಿಲ್ಲ. ಸಾಲ ಮಾಡಿ ಒಂದನೆಯ ತರಗತಿಗೆ ಹಾಕಿ, ನಾಲ್ಕನೆಯದರಲ್ಲಿ ಬಿಡಿಸಿ ಮತ್ತೆ ಕನ್ನಡ ಶಾಲೆಗೆ ತಂದರೆ ಮಗುವಿಗೆ ಎರಡೂ ಕಡೆಯ ನಷ್ಟ. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇಲ್ಲ.

ಇತ್ತ ಸರಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಶೂ ಉಚಿತ. ಬಿಸಿಯೂಟ ಇದೆ, 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲು ಇದೆ. 2024ರ ಸೆಪ್ಟೆಂಬರಿನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ವಾರಕ್ಕೆ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಇವು ಬಡವರಿಗೆ ಮಾತ್ರ ಎಂದು ಸಂಕೋಚ ಪಡಬೇಡಿ. ಬೆಳೆಯುವ ಮಗುವಿಗೆ ಮಧ್ಯಾಹ್ನದ ಬಿಸಿ ಅನ್ನ, ಮುಂಜಾನೆ ಕಟ್ಟಿಕೊಟ್ಟ ತಣ್ಣನೆಯ ಡಬ್ಬಿಗಿಂತ ಮೇಲು. ದಾರಿಯ ಲೆಕ್ಕವನ್ನೂ ಹಾಕಿ. ಆರು ವರ್ಷದ ಮಗು ದಿನಕ್ಕೆ ಒಂದೂವರೆ–ಎರಡು ತಾಸು ವ್ಯಾನಿನಲ್ಲಿ ಕಳೆದರೆ ಆಟಕ್ಕೆ ಹೊತ್ತೆಲ್ಲಿ? ಮಳೆಗಾಲದಲ್ಲಿ ಘಟಪ್ರಭೆ ತುಂಬಿ ಬಂದರೆ ಗೋಕಾಕದ ಲೋಳಸೂರ ಸೇತುವೆ ಮುಳುಗುವುದನ್ನು 2019ರಲ್ಲೂ 2024ರಲ್ಲೂ ನೋಡಿದ್ದೇವೆ.

ಇನ್ನು ಪಾಲಕರು ಸಾಮಾನ್ಯವಾಗಿ ಕೇಳದ, ನಾನು ಹೇಳದೆ ಬಿಡಬಾರದ ಒಂದು ವಿಷಯ. ಕರ್ನಾಟಕದಲ್ಲಿ ಸಿಇಟಿ ಮೂಲಕ ಸಿಗುವ ವೃತ್ತಿಶಿಕ್ಷಣದ ಸೀಟುಗಳಲ್ಲಿ ನೂರಕ್ಕೆ 15 ಗ್ರಾಮೀಣ ಅಭ್ಯರ್ಥಿಗಳಿಗೆ, 5 ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲು. ರಾಜ್ಯ ಸರಕಾರದ ನೇರ ನೇಮಕಾತಿಯಲ್ಲೂ ಗ್ರಾಮೀಣ ಅಭ್ಯರ್ಥಿಗಳಿಗೆ ನೂರಕ್ಕೆ 25, ಕನ್ನಡ ಮಾಧ್ಯಮದವರಿಗೆ 5 ಇದೆ. ಇಲ್ಲಿ ಗ್ರಾಮೀಣ ಎಂದರೆ ಮನೆ ಹಳ್ಳಿಯಲ್ಲಿರುವುದು ಅಲ್ಲ, ಶಾಲೆ ಹಳ್ಳಿಯಲ್ಲಿರಬೇಕು. ಅದೂ ಒಂದರಿಂದ ಹತ್ತನೆಯ ತರಗತಿವರೆಗಿನ ಎಲ್ಲ ವರ್ಷವೂ. ಗೋಕಾಕ ನಗರಸಭೆ, ಹುಕ್ಕೇರಿ, ಸಂಕೇಶ್ವರ, ಮೂಡಲಗಿ ಪುರಸಭೆಗಳು. ಘೋಡಗೇರಿಯಲ್ಲೇ ಇದ್ದುಕೊಂಡು ಆ ಪಟ್ಟಣಗಳ ಶಾಲೆಗೆ ವ್ಯಾನಿನಲ್ಲಿ ಹೋದ ಮಗು ಹದಿನೆಂಟನೆಯ ವಯಸ್ಸಿಗೆ ಅರ್ಜಿ ತುಂಬುವಾಗ ಗ್ರಾಮೀಣ ಎಂದು ಬರೆಯುವಂತಿಲ್ಲ. ಒಂದೇ ಒಂದು ವರ್ಷ ಪಟ್ಟಣದಲ್ಲಿ ಓದಿದ್ದರೂ ಹಕ್ಕು ಹೋಗುತ್ತದೆ. ಅಧ್ಯಯನ ಪ್ರಮಾಣಪತ್ರಕ್ಕೆ ಮುಖ್ಯಶಿಕ್ಷಕರ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿಯೂ ಬೇಕಾಗುವುದರಿಂದ ಆಮೇಲೆ ಸರಿಪಡಿಸಲು ಬರುವುದಿಲ್ಲ. ಈ ಸಂಗತಿ ಪಿಯುಸಿ ಮುಗಿದ ಮೇಲೆ ತಿಳಿದು ಎಷ್ಟೋ ಪಾಲಕರು ನೊಂದಿದ್ದಾರೆ. ನೀವು ಇವತ್ತೇ ತಿಳಿದಿರಿ. ಹಳ್ಳಿಯಲ್ಲೇ ಇರುವ ಖಾಸಗಿ ಶಾಲೆಯಾದರೆ ಗ್ರಾಮೀಣ ಹಕ್ಕು ಉಳಿಯುತ್ತದೆ, ಇಂಗ್ಲಿಷ್ ಮಾಧ್ಯಮವಾಗಿದ್ದರೆ ಕನ್ನಡ ಮಾಧ್ಯಮದ್ದು ಹೋಗುತ್ತದೆ.

ಶಾಲೆ ನೋಡಲು ಹೋಗುವುದು ಹೇಗೆ ಎಂದು ಹೇಳುತ್ತೇನೆಂದಿದ್ದೆ. ಗ್ಯಾದರಿಂಗ್ ದಿನ, ದಾಖಲಾತಿ ಆಂದೋಲನದ ದಿನ ಹೋಗಬೇಡಿ. ಯಾವುದಾದರೂ ಮಂಗಳವಾರವೋ ಬುಧವಾರವೋ ಪಾಠ ನಡೆಯುತ್ತಿರುವಾಗ ಹೋಗಿ. ಊರಿನ ಸರಕಾರಿ ಶಾಲೆಗೂ ಹೋಗಿ, ನಿಮ್ಮ ಮನಸ್ಸಿನಲ್ಲಿರುವ ಖಾಸಗಿ ಶಾಲೆಗೂ ಹೋಗಿ, ಎರಡೂ ಕಡೆ ಒಂದೇ ಪ್ರಶ್ನೆ ಕೇಳಿ. ಒಂದರಿಂದ ಐದರವರೆಗೆ ಮಕ್ಕಳೆಷ್ಟು, ಶಿಕ್ಷಕರೆಷ್ಟು? ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬರು ಎನ್ನುತ್ತದೆ ಕಾನೂನು. ಅವರಲ್ಲಿ ಕಾಯಂ ಎಷ್ಟು, ಅತಿಥಿ ಶಿಕ್ಷಕರೆಷ್ಟು? ಖಾಸಗಿಯಲ್ಲಿ ಕೇಳಬೇಕಾದದ್ದು: ಕಳೆದ ವರ್ಷ ಇದ್ದವರಲ್ಲಿ ಎಷ್ಟು ಜನ ಈ ವರ್ಷವೂ ಇದ್ದಾರೆ, ಅವರಲ್ಲಿ ಡಿ.ಇಡಿ. ಅಥವಾ ಬಿ.ಇಡಿ. ಆದವರೆಷ್ಟು? ಸರಕಾರಿ ಶಾಲೆಯ ಕಾಯಂ ಶಿಕ್ಷಕರು ತರಬೇತಿ ಪಡೆದು ಆಯ್ಕೆಯಾಗಿ ಬಂದವರು, ಅವರ ಓದಿನ ಬಗ್ಗೆ ಸಂಶಯ ಬೇಡ. ಸಂಖ್ಯೆ ಸಾಕಷ್ಟಿದೆಯೇ, ದಿನಾಲು ಪಾಠ ನಡೆಯುತ್ತದೆಯೇ ಎಂಬುದೇ ಅಲ್ಲಿ ನೋಡಬೇಕಾದದ್ದು. ಆಮೇಲೆ ಮುಖ್ಯಶಿಕ್ಷಕರ ಅನುಮತಿ ಕೇಳಿ, ಮೂರನೆಯ ತರಗತಿಯ ಮೂರು-ನಾಲ್ಕು ಮಕ್ಕಳಿಂದ ಎರಡನೆಯ ತರಗತಿಯ ಪುಸ್ತಕದ ಒಂದು ಪುಟ ಓದಿಸಿ. 52ರಲ್ಲಿ 27 ಕಳೆಯಿರಿ ಎಂದು ಕೊಡಿ. ಜಾಣ ಮಗುವನ್ನು ಅವರು ಮುಂದೆ ಮಾಡಿದರೆ, ಹಿಂದಿನ ಸಾಲಿನವರನ್ನೂ ಕರೆಯಿರಿ ಎಂದು ನಯವಾಗಿ ಹೇಳಿ. ಓದಿದ್ದು ಏನೆಂದು ತನ್ನ ಮಾತಿನಲ್ಲಿ ಹೇಳಲು ಬಂತೇ ನೋಡಿ. ಕಟ್ಟಡ, ಟೈ, ಬೂಟು, ಗೇಟಿನ ಮೇಲಿನ ಹೆಸರು ಯಾವುದೂ ತಿಳಿಸದ್ದನ್ನು ಈ ಹತ್ತು ನಿಮಿಷ ನಿಮಗೆ ತಿಳಿಸುತ್ತದೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿದೆಯೇ, ಚಿಲಕವಿದೆಯೇ ಎಂಬುದನ್ನು ಮಗಳ ತಾಯಿ ಒಳಗೆ ಹೋಗಿ ನೋಡಿ ಬರಲಿ.

ಖಾಸಗಿ ಶಾಲೆಯಲ್ಲಿ ಮಾನ್ಯತೆಯ ಪತ್ರ ತೋರಿಸಿ ಎಂದು ಕೇಳಲು ಹಿಂಜರಿಯಬೇಡಿ. ಯಾವ ತರಗತಿವರೆಗೆ, ಯಾವ ಮಾಧ್ಯಮಕ್ಕೆ ಮಾನ್ಯತೆ ಎಂದು ಅದರಲ್ಲಿ ಇರುತ್ತದೆ. ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಇಂಗ್ಲಿಷ್ ಮಾಧ್ಯಮ ನಡೆಸುತ್ತಿದ್ದವೆಂದು 2006ರಲ್ಲಿ ಸರಕಾರ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದು ಮಾಡಿ ಪಾಲಕರು ಕಂಗಾಲಾಗಿದ್ದರು. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇರುತ್ತದೆ, ಕರ್ನಾಟಕದ್ದು 29ರಿಂದ ಆರಂಭ. ಸಂಶಯ ಬಂದರೆ ಆ ಸಂಖ್ಯೆ ಬರೆದುಕೊಂಡು ಹುಕ್ಕೇರಿಯ ಬಿಇಒ ಕಚೇರಿಯಲ್ಲಿ ವಿಚಾರಿಸಿ. ಗೋಕಾಕ, ಮೂಡಲಗಿ ಕಡೆಯ ಶಾಲೆಯಾದರೆ ಆಯಾ ಬಿಇಒ ಕಚೇರಿ. ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೇ ಸೇರುತ್ತವೆ.

ಹೀಗೆ ನೋಡಿದ ಮೇಲೂ ಖಾಸಗಿಯೇ ಸರಿ ಅನಿಸುವ ಸಂದರ್ಭಗಳಿವೆ. ಸರಕಾರಿ ಶಾಲೆಯಲ್ಲಿ ಐದು ತರಗತಿಗೆ ಒಬ್ಬರೇ ಶಿಕ್ಷಕರು ಇದ್ದು, ಅವರೂ ವಾರದಲ್ಲಿ ಎರಡು ದಿನ ಸಭೆ, ಸಮೀಕ್ಷೆ ಎಂದು ಹೊರಗಿದ್ದರೆ ನಿಮ್ಮ ಮಗಳನ್ನು ಅಲ್ಲಿಗೆ ಕಳಿಸಿ ಎಂದು ನಾನು ಹೇಳಲಾರೆ. ಹತ್ತಿರದಲ್ಲಿ ಒಳ್ಳೆಯ ಅನುದಾನಿತ ಶಾಲೆ ಇದ್ದರೆ ಅದನ್ನು ಮೊದಲು ನೋಡಿ. ಅಲ್ಲಿಯೂ ಬಿಸಿಯೂಟ ಇದೆ, ಶಿಕ್ಷಕರು ಸರಕಾರದ ಸಂಬಳದವರು, ಜನ ಅದನ್ನು ಮರೆತೇಬಿಡುತ್ತಾರೆ.

ನಿಮ್ಮ ಪತ್ರದಲ್ಲಿರುವಷ್ಟನ್ನು ಇಟ್ಟುಕೊಂಡು ನನ್ನ ಅಭಿಪ್ರಾಯ ಕೇಳಿದರೆ: ಊರಿನ ಶಾಲೆಯಲ್ಲಿ ಸಾಕಷ್ಟು ಶಿಕ್ಷಕರಿದ್ದು, ಮೂರನೆಯ ತರಗತಿಯ ಮಕ್ಕಳು ತಡವರಿಸದೆ ಓದುತ್ತಿದ್ದರೆ ಮಗಳನ್ನು ಅಲ್ಲಿಗೇ ಹಾಕಿ, ಐದನೆಯ ತರಗತಿವರೆಗೆ ಓದಿಸಿ. ಆರನೆಯ ತರಗತಿ ಒಂದು ಸಹಜವಾದ ತಿರುವು. ಪ್ರವೇಶ ಪರೀಕ್ಷೆ ಬರೆದು ಸೇರುವ ಸರಕಾರಿ ಶಾಲೆಗಳ ಬಾಗಿಲು ತೆರೆಯುವುದು ಆಗಲೇ: ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಇಂಗ್ಲಿಷ್ ಮಾಧ್ಯಮದ ಆದರ್ಶ ವಿದ್ಯಾಲಯ, ಚಿಕ್ಕೋಡಿ ಭಾಗದ ಕೋಥಳಿಯಲ್ಲಿರುವ ಜವಾಹರ ನವೋದಯ ವಿದ್ಯಾಲಯ. ನವೋದಯದಲ್ಲಿ ನೂರಕ್ಕೆ 75 ಸೀಟು ಗ್ರಾಮೀಣ ಮಕ್ಕಳಿಗೆ, ಮೂರು-ನಾಲ್ಕು-ಐದನೆಯ ತರಗತಿಯನ್ನು ಹಳ್ಳಿಯ ಶಾಲೆಯಲ್ಲಿ ಓದಿರಬೇಕು, ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಹೆಣ್ಣುಮಕ್ಕಳಿಗೆಂದೇ ಕಿತ್ತೂರಿನಲ್ಲಿ ವಸತಿ ಸೈನಿಕ ಶಾಲೆಯೂ ಇದೆ, ಅಲ್ಲಿ ಫೀ ಇದೆ. ಕನ್ನಡದಲ್ಲಿ ಓದು, ಲೆಕ್ಕ ಗಟ್ಟಿಯಾದ ಹನ್ನೊಂದು ವರ್ಷದ ಹುಡುಗಿ ಇಂಗ್ಲಿಷ್ ಮಾಧ್ಯಮಕ್ಕೆ ಹೋದರೂ ಒಂದೆರಡು ವರ್ಷದಲ್ಲಿ ಹೊಂದಿಕೊಳ್ಳುತ್ತಾಳೆ. ಅಷ್ಟು ವರ್ಷ ಉಳಿಸಿದ ಫೀಯಲ್ಲಿ ಒಂದು ಪಾಲನ್ನು ಅವಳ ಹೆಸರಿನಲ್ಲಿ ಇಡಿ, ಪಿಯುಸಿ ನಂತರ ಬೇಕಾಗುತ್ತದೆ. ಇನ್ನೊಂದು ಪಾಲಿನಲ್ಲಿ ಅವಳಿಗೆ ಓದಲು ಕಥೆಪುಸ್ತಕ ತನ್ನಿ, ಕನ್ನಡದವೂ ಇರಲಿ, ಇಂಗ್ಲಿಷಿನವೂ ಇರಲಿ.

ಸೇರಿಸಿದ ಮೇಲೆ ಕೈತೊಳೆದುಕೊಳ್ಳಬೇಡಿ. ಸರಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಪಾಲಕರಿಗೆ ಜಾಗವಿದೆ. ಶಿಕ್ಷಕರ ಹುದ್ದೆ ಖಾಲಿಯಿದ್ದರೆ ಬಿಇಒಗೆ ಅರ್ಜಿ ಕೊಡುವ, ಶೌಚಾಲಯದ ನೀರಿಗೆ ಪಂಚಾಯಿತಿಯನ್ನು ಕೇಳುವ ಅಧಿಕಾರ ಅದಕ್ಕಿದೆ. ನಿಮ್ಮಂತೆ ಯೋಚಿಸುವ ಪಾಲಕರು ಆ ಸಭೆಗೆ ಹೋಗುವುದು ಬಹಳ ಅಗತ್ಯ. ಈಗಿನಿಂದಲೇ ಎರಡೂ ಶಾಲೆ ನೋಡಲು ಆರಂಭಿಸಿ, ಜೊತೆಯಲ್ಲಿ ಮಗಳನ್ನೂ ಕರೆದುಕೊಂಡು ಹೋಗಿ.